ವಿಂಡೋಸ್ 11 ಹಾಕಿದ ಮೇಲೆ ಎಸ್‌ಕ್ಯುಎಲ್ ಸರ್ವಿಸ್ ಏಳ್ತಾನೇ ಇಲ್ಲ, ರೈತರಿಗೆ ಲೆಕ್ಕದ ಪಟ್ಟಿ ಕೊಡೋದು ಹೇಗೆ?

ಪ್ರಶ್ನೆ: ಸರ್, ಕಲಬುರಗಿ ಗಂಜ್‌ನಲ್ಲಿ ನಮ್ಮದೊಂದು ಅಡತಿ ಅಂಗಡಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಮುಗೀತು ಅಲ್ವಾ, ಅದಕ್ಕೆ ಈ ಭಾನುವಾರ ನಾನೇ ಕೂತು 11 ಹಾಕಿದೆ. ಸೋಮವಾರ ಬೆಳಿಗ್ಗೆ ಹೊರಗೆ ತೊಗರಿ ಚೀಲ ಇಳೀತಿವೆ, ಒಳಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಸರ್ವರ್ ಸಿಗ್ತಿಲ್ಲ ಅಂತ ಹಟ ಹಿಡಿದಿದೆ. ಸರ್ವಿಸಸ್‌ನಲ್ಲಿ ನೋಡಿದರೆ ಲೆಕ್ಕ ಇಡೋ ಡೇಟಾಬೇಸ್, ಅದೇ ಎಸ್‌ಕ್ಯುಎಲ್ ಸರ್ವರ್ ಎಕ್ಸ್‌ಪ್ರೆಸ್, ನಿಂತಿದೆ. ಸ್ಟಾರ್ಟ್ ಒತ್ತಿದರೆ ಸ್ವಲ್ಪ ಹೊತ್ತು ಹಸಿರು ಗೆರೆ ಓಡುತ್ತದೆ, ಆಮೇಲೆ ಮತ್ತೆ ಸತ್ತುಹೋಗುತ್ತದೆ. ಸಾಫ್ಟ್‌ವೇರ್ ಹಾಕಿಕೊಟ್ಟ ಹುಡುಗ ‘ಎಲ್ಲಾ ತೆಗೆದು ಹೊಸದಾಗಿ ಹಾಕೋಣ’ ಅಂತಿದ್ದಾನೆ. ಮೂರು ವರ್ಷದ ಲೆಕ್ಕ ಅದರಲ್ಲೇ ಇದೆ. ಸದ್ಯಕ್ಕೆ ಕೈಯಲ್ಲೇ ಪಟ್ಟಿ ಬರೆದು ಕೊಡ್ತಿದ್ದೇವೆ.

ಉತ್ತರ: ಏನನ್ನೂ ತೆಗೀಬೇಡಿ ಅಣ್ಣಾ. ಲೆಕ್ಕ ಎಲ್ಲೂ ಹೋಗಿರಲ್ಲ, ಸರ್ವಿಸ್ ಏಳದಿದ್ದರೂ ಡೇಟಾ ಫೈಲು ಡಿಸ್ಕ್‌ನಲ್ಲೇ ಇರುತ್ತದೆ. ಸರ್ವಿಸ್ ನಿಂತಿರೋದರಿಂದ ಕಾಪಿ ಮಾಡೋದಕ್ಕೂ ಇದೇ ಒಳ್ಳೆಯ ಹೊತ್ತು. ಡೇಟಾ ಫೋಲ್ಡರ್‌ನಲ್ಲಿರುವ ಎಂಡಿಎಫ್, ಎಲ್‌ಡಿಎಫ್ ಫೈಲು ಎರಡನ್ನೂ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಆಮೇಲೆ ಅದರ ಪಕ್ಕದ ಲಾಗ್ ಫೋಲ್ಡರ್‌ನಲ್ಲಿ ಎರರ್‌ಲಾಗ್ ಅಂತ ಬಾಲ (.txt ತರಹದ್ದು) ಇಲ್ಲದ ಒಂದು ಫೈಲಿದೆ, ನೋಟ್‌ಪ್ಯಾಡ್‌ನಲ್ಲಿ ತೆರೆದು ಕೊನೆಯ ಹತ್ತು ಸಾಲು ಇಲ್ಲಿ ಹಾಕಿ. ಸ್ಕ್ರೀನ್ ಮೇಲೆ ಬರೋ ಡಬ್ಬಿ ಎಷ್ಟೋ ಸಲ ನಿಜವಾದ ಕಾರಣ ಹೇಳಲ್ಲ.

ಕೇಳಿದವರು: ಕಾಪಿ ಆಯ್ತು ಸರ್. ಲಾಗ್‌ನಲ್ಲಿ ‘256 ಮಿಸ್‌ಅಲೈನ್ಡ್ ಲಾಗ್ ಐಒ’ ಅಂತ ಏನೋ ಇದೆ. ಡಿಸ್ಕ್ ಕೆಟ್ಟಿದೆಯಾ? ಹೋದ ವರ್ಷ ತಗೊಂಡ ಎನ್‌ವಿಎಂಇ ಡಿಸ್ಕ್ ಅದು.

ಉತ್ತರ: ಕೆಟ್ಟಿಲ್ಲ. ಆ 256 ಕಂಡ ಕೂಡಲೇ ನಂಗೆ ಅರ್ಧ ಸಮಾಧಾನ ಆಯ್ತು, ಅದು ಡಿಸ್ಕ್‌ನ ಸೆಕ್ಟರ್ ಅಳತೆ ಹೊಂದುತ್ತಿಲ್ಲ ಅನ್ನೋ ಗುರುತು. ಸೆಕ್ಟರ್ ಅಂದರೆ ಡಿಸ್ಕ್ ಒಂದು ಸಲಕ್ಕೆ ಓದಿ ಬರೆಯೋ ತುಣುಕು. ಎಸ್‌ಕ್ಯುಎಲ್ ಸರ್ವರ್‌ಗೆ 512 ಇಲ್ಲಾ 4096 ಬೈಟ್‌ನ ಸೆಕ್ಟರ್ ಮಾತ್ರ ಗೊತ್ತು. ಕೆಲವು ಹೊಸ ಡಿಸ್ಕ್‌ಗಳ ಅಳತೆ ಅದಕ್ಕಿಂತ ದೊಡ್ಡದು. ವಿಂಡೋಸ್ 10ರ ಡ್ರೈವರ್ ಆ ಅಸಲಿ ಅಳತೆಯನ್ನು ಮೇಲಕ್ಕೆ ಹೇಳುತ್ತಿರಲಿಲ್ಲ, 11ರದ್ದು ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತದೆ. ಚೀಲದ ತೂಕ ಅದೇ, ಕಾಟಾ ಬದಲಾಯ್ತು ಅನ್ಕೊಳ್ಳಿ. ಇದಕ್ಕೇ ಹೊಸದಾಗಿ ಹಾಕಿದರೂ ಪ್ರಯೋಜನ ಇಲ್ಲ, ಇನ್‌ಸ್ಟಾಲ್ ಕೊನೆಗೆ ಬಂದು ಅಲ್ಲೇ ಬೀಳುತ್ತದೆ, ಹುಡುಗನ ಅರ್ಧ ದಿನವೂ ಹೋಗುತ್ತದೆ.

ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಎಫ್‌ಎಸ್‌ಯುಟಿಲ್‌ನ ಸೆಕ್ಟರ್‌ಇನ್ಫೋ ಕಮಾಂಡ್ ಅನ್ನು ಸಿ ಡ್ರೈವ್‌ಗೆ ಕೊಡಿ. ‘ಫಾರ್ ಅಟಾಮಿಸಿಟಿ’, ‘ಫಾರ್ ಪರ್ಫಾರ್ಮೆನ್ಸ್’ ಅಂತ ಮುಗಿಯುವ ಸಾಲುಗಳಲ್ಲಿ 4096ಕ್ಕಿಂತ ಜಾಸ್ತಿ ಇದ್ದರೆ ನಾನು ಹೇಳಿದ್ದೇ ಕಾರಣ.

ಕೇಳಿದವರು: 16384 ಅಂತ ಇದೆ.

ಉತ್ತರ: ಹಾಗಾದರೆ ಸರಿ. ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳೆಲ್ಲಾ ಇರೋ ರಿಜಿಸ್ಟ್ರಿ ತೆರೆಯಿರಿ, ಮುಟ್ಟೋ ಮುಂಚೆ ಎಕ್ಸ್‌ಪೋರ್ಟ್ ಮಾಡಿ ಇಡಿ. ಲೋಕಲ್ ಮಷಿನ್‌ನ ಸಿಸ್ಟಮ್, ಕರೆಂಟ್‌ಕಂಟ್ರೋಲ್‌ಸೆಟ್, ಸರ್ವಿಸಸ್, ಸ್ಟೋರ್‌ಎನ್‌ವಿಎಂಇ, ಪ್ಯಾರಾಮೀಟರ್ಸ್, ಡಿವೈಸ್ ತನಕ ಇಳಿಯಿರಿ. ಅಲ್ಲಿ ಮಲ್ಟಿ-ಸ್ಟ್ರಿಂಗ್ ಬಗೆಯ ಹೊಸ ವ್ಯಾಲ್ಯೂ ಮಾಡಿ. ಹೆಸರು ‘ಫೋರ್ಸ್ಡ್‌ಫಿಸಿಕಲ್‌ಸೆಕ್ಟರ್‌ಸೈಜ್‌ಇನ್‌ಬೈಟ್ಸ್’, ನಡುವೆ ಎಲ್ಲೂ ಜಾಗ ಇಲ್ಲ. ಒಳಗೆ ‘* 4095’. ತಪ್ಪು ಓದಿಲ್ಲ ನೀವು, 4096 ಅಲ್ಲ, 4095ನೇ. ಆಮೇಲೆ ಪೂರ್ತಿ ರೀಸ್ಟಾರ್ಟ್ ಮಾಡಿ.

ಇನ್ನೊಬ್ಬರು: ಬೀದರ್‌ನಿಂದ ಕೇಳ್ತಿದ್ದೀನಿ ಸರ್, ಮಧ್ಯೆ ಬಾಯಿ ಹಾಕಿದ್ದಕ್ಕೆ ಬೇಜಾರು ಮಾಡ್ಕೋಬೇಡ್ರಿ. ನಂದೂ ಅಪ್‌ಗ್ರೇಡ್ ಆದ ಮೇಲೇನೇ ನಿಂತಿದೆ, ಆದ್ರೆ ಎರರ್ 1069 ಅಂತ ಬರ್ತಿದೆ. ಇದನ್ನೇ ಮಾಡ್ಲಾ?

ಉತ್ತರ: ಬೇಡ ರೀ, ಸುಮ್ನೆ ರಿಜಿಸ್ಟ್ರಿ ಕೆದಕಬೇಡಿ. 1069 ಅಂದರೆ ಲಾಗಿನ್ ತಕರಾರು. ಸರ್ವಿಸ್ ಯಾವ ಯೂಸರ್ ಹೆಸರಲ್ಲಿ ಓಡುತ್ತಿದೆಯೋ ಅದರ ಪಾಸ್‌ವರ್ಡ್ ಬದಲಾಗಿರಬೇಕು. ಸರ್ವಿಸ್‌ನ ಪ್ರಾಪರ್ಟೀಸ್‌ನಲ್ಲಿ ಲಾಗ್ ಆನ್ ಟ್ಯಾಬ್‌ಗೆ ಹೋಗಿ ಹೊಸ ಪಾಸ್‌ವರ್ಡ್ ಕೊಡಿ.

ಕೇಳಿದವರು: ಸರ್, ರೀಸ್ಟಾರ್ಟ್ ಮಾಡಿದೆ, ಇನ್ನೂ ಏಳಲಿಲ್ಲ. ಗಿರಾಕಿಗಳು ಬೈತಿದ್ದಾರೆ. ವಾಪಸ್ 10ಕ್ಕೆ ಹೋಗಲಾ?

ಉತ್ತರ: ಹೋಗಬಹುದು, ಅಪ್‌ಗ್ರೇಡ್ ಆಗಿ 10 ದಿನದ ಒಳಗೆ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ಗೋ ಬ್ಯಾಕ್ ಇರುತ್ತದೆ. ಆದರೆ ಅದಕ್ಕೂ ಮುಂಚೆ ನೀವು ಬರೆದಿದ್ದರ ಫೋಟೋ ಹಾಕಿ. ನಕ್ಷತ್ರ ಆದ ಮೇಲೆ ಒಂದು ಜಾಗ ಬಿಟ್ಟಿದ್ದೀರಾ?

ಕೇಳಿದವರು: ಅಯ್ಯೋ ಇಲ್ಲ ಸರ್, ಅಂಟಿಸಿ ಬರೆದಿದ್ದೆ.

(ಇಪ್ಪತ್ತು ನಿಮಿಷ ಬಿಟ್ಟು) ಎದ್ದಿತು ಸರ್! ಶನಿವಾರದ ಕೊನೆ ಪಟ್ಟಿ ತನಕ ಎಲ್ಲಾ ಇದೆ. ಕೈಯಲ್ಲಿ ಬರೆದ ಪಟ್ಟಿಗಳಿಗೆ ಹಳೇ ನಂಬರ್ ಮುಂದುವರಿಸಬೇಕಾ, ಹೊಸ ಸರಣಿ ಮಾಡಬೇಕಾ?

ಉತ್ತರ: ಅದನ್ನ ನಿಮ್ಮ ಮುನೀಮರಿಗೇ ಕೇಳಿ, ಅವರು ಒಪ್ಪದಿದ್ದರೆ ನಾನು ಹೇಳಿ ಏನು ಉಪಯೋಗ.