ಪದಚರ್ಚೆ: ಐಸಿನೊಳಗಿನ ಇಂಪ್ಯೂರಿಟಿಗೆ ‘ಕಲ್ಮಶ’ ಸರಿಯೇ, ‘ಹೆಪ್ಪು’ ಸರಿಯೇ?

ಎಲ್ಲರಿಗೂ ನಮಸ್ಕಾರ.

ಪಿಯುಸಿ ಮಕ್ಕಳಿಗಾಗಿ ಐಸಿನ ಬಗ್ಗೆ ಒಂದು ಪಾಠ ಬರೆಯುತ್ತಿದ್ದೇನೆ. ನೀರಿನಲ್ಲಿ ಸೇರಿಕೊಂಡ ಬೇರೆ ವಸ್ತು, ವಿಪರೀತ ಚಳಿಯಲ್ಲಿ ಐಸಿನ ಹರಳನ್ನು ಏನು ಮಾಡುತ್ತದೆ ಅನ್ನುವುದು ವಿಷಯ. ಇಂಪ್ಯೂರಿಟಿ ಬಂದಲ್ಲೆಲ್ಲ ಮೊದಲು ‘ಕಲ್ಮಶ’ ಅಂತ ಬರೆದೆ. ಎರಡು ಪುಟ ಆದ ಮೇಲೆ ಓದಿ ನೋಡಿದರೆ ಮನಸ್ಸು ಒಪ್ಪಲಿಲ್ಲ.

ಕಲ್ಮಶ ಅಂದ ಕೂಡಲೇ ಸೋಸಿ ಚೆಲ್ಲಬೇಕಾದ್ದು ಅನ್ನಿಸುತ್ತದೆ. ಇಲ್ಲಿ ಕೆಲಸ ಮಾಡುವುದೇ ಅದು. ಅಪ್ಪಟ ನೀರಿನ ತೀರಾ ಸಣ್ಣ ಹನಿಗಳು ಸುಮಾರು ಮೈನಸ್ 38 ಡಿಗ್ರಿವರೆಗೂ ನೀರಾಗಿಯೇ ಇರಬಲ್ಲವು. ದೂಳಿನ ಕಣ ಸೇರಿದರೆ ಅದಕ್ಕಿಂತ ಎಷ್ಟೋ ಮೊದಲೇ ಐಸ್ ಕಟ್ಟುತ್ತದೆ. ಗಿಡದ ಎಲೆಗಳ ಮೇಲೆ ಬದುಕುವ ಸ್ಯೂಡೋಮೊನಾಸ್ ಸಿರಿಂಜೆ ಅನ್ನುವ ಬ್ಯಾಕ್ಟೀರಿಯಾ ಇದ್ದರಂತೂ ಮೈನಸ್ 2 ಡಿಗ್ರಿಯ ಹೊತ್ತಿಗೇ ಶುರುವಾಗಿಬಿಡಬಹುದು.

ಮೊನ್ನೆ ರಾತ್ರಿ ಮಂಡ್ಯದ ಮನೆಯಲ್ಲಿ ಅಮ್ಮ ಉಗುರುಬೆಚ್ಚಗಿನ ಹಾಲಿಗೆ ಚೂರು ಮೊಸರು ಬಿಟ್ಟು ‘ಹೆಪ್ಪು ಹಾಕಿದ್ದೀನಿ, ಅಲ್ಲಾಡಿಸಬೇಡ’ ಅಂದರು. ಆಗ ಹೊಳೆಯಿತು. ಹೆಪ್ಪುಗಟ್ಟು ಅನ್ನುವ ಮಾತಿನೊಳಗೇ ಹೆಪ್ಪು ಕೂತಿದೆ ಅಲ್ವಾ? ಹೆಪ್ಪಿನಲ್ಲಿರುವ ಜೀವಿಗಳು ಬೆಳೆದು ಹಾಲನ್ನು ಹುಳಿ ಮಾಡುತ್ತವೆ, ದೂಳು ಹಾಗೆ ಬೆಳೆಯುವುದಿಲ್ಲ, ಹರಳು ಕಟ್ಟಲು ಜಾಗ ಕೊಡುತ್ತದೆ ಅಷ್ಟೆ. ಈ ವ್ಯತ್ಯಾಸವನ್ನು ಮಕ್ಕಳಿಗೆ ಹೇಳಲೇಬೇಕು. ಆದರೂ ಶುರು ಮಾಡಿಸುವ ಚೂರು ಅನ್ನುವ ಅರ್ಥಕ್ಕೆ ‘ಬೀಜೀಕಾರಕ’ಕ್ಕಿಂತ ಹೆಪ್ಪು ನನಗೆ ಸಾವಿರ ಪಾಲು ಮೇಲು.

ತೊಡಕು ಏನೆಂದರೆ, ಸೇರಿದ್ದೆಲ್ಲ ಹೆಪ್ಪಲ್ಲ. ಉಪ್ಪು ಬೆರೆತ ನೀರು ಐಸಾಗಲು ಇನ್ನೂ ಜಾಸ್ತಿ ತಣ್ಣಗಾಗಬೇಕು. ಸಕ್ಕರೆ ಪಾಕಕ್ಕೆ ನಿಂಬೆರಸ ಹಿಂಡುವುದೂ ಅದು ಮತ್ತೆ ಹರಳಾಗದಿರಲಿ ಅಂತಲೇ. ಹಾಗಾಗಿ ಎರಡಕ್ಕೂ ಹೊಂದುವ ಹೆಸರಾಗಿ ‘ಬೆರಕೆ’ ಇಟ್ಟು, ಶುರು ಮಾಡಿಸುವ ಬೆರಕೆಗೆ ಮಾತ್ರ ‘ಹೆಪ್ಪು’ ಅನ್ನೋಣ ಅಂದುಕೊಂಡಿದ್ದೇನೆ.

ಚಳಿಯಲ್ಲಿ ಇನ್ನೂ ಕೆಳಗಿಳಿದರೆ ‘ಹೆಪ್ಪು’ ಅನ್ನುವ ಪದವೂ ಕೈಕೊಡುತ್ತದೆ. ಮಾಮೂಲಿ ಐಸಿನಲ್ಲಿ ಆಕ್ಸಿಜನ್ ಪರಮಾಣುಗಳು ಸಾಲಾಗಿ ನಿಂತಿರುತ್ತವೆ, ಹೈಡ್ರೋಜನ್ ಮಾತ್ರ ಅಡ್ಡಾದಿಡ್ಡಿ. ತೀರಾ ತಣ್ಣಗಾದಾಗ ಅವೂ ಸಾಲಿಗೆ ಬರಬೇಕು. ಆದರೆ ಆ ಚಳಿಯಲ್ಲಿ ಅಣುಗಳು ತಿರುಗಲಾರವು. ಒಂಚೂರು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆಸಿ ಕಟ್ಟಿದ ಐಸಿನಲ್ಲಿ ಮೈನಸ್ 201 ಡಿಗ್ರಿಯ ಹತ್ತಿರ ಅವು ಸಾಲಾಗುತ್ತವೆ. ಇದನ್ನು ಜಪಾನಿನ ವಿಜ್ಞಾನಿಗಳು 1980ರ ದಶಕದಲ್ಲಿ ತೋರಿಸಿದರು. ಹೀಗಾದ ಐಸಿಗೆ ಹನ್ನೊಂದನೇ ಐಸ್ ಅಂತ ಹೆಸರು. ಇಲ್ಲಿ ಬೆರಕೆ ಹರಳನ್ನು ಶುರು ಮಾಡಲಿಲ್ಲ, ಬಿಗಿಯಾಗಿದ್ದುದನ್ನು ಸಡಿಲ ಮಾಡಿತು. ಇದಕ್ಕೆ ಏನನ್ನೋಣ?

ಇನ್ನೊಂದು ಕೇಳಬೇಕು. ಮೈನಸ್ 150 ಡಿಗ್ರಿಯಂಥ ಚಳಿಯ ಮೇಲ್ಮೈ ಮೇಲೆ ನೀರಾವಿ ಕೂತರೆ ಗಾಜಿನಂಥ ಐಸ್ ಆಗುತ್ತದೆ. ಗಟ್ಟಿಯೇನೋ ಹೌದು, ಹರಳಿಲ್ಲ. ಹಾಗಾದರೆ ಅದು ‘ಹೆಪ್ಪುಗಟ್ಟಿತು’, ಆದರೆ ‘ಹರಳುಗಟ್ಟಲಿಲ್ಲ’ ಅಂತ ಎರಡು ಪದಗಳನ್ನು ಬೇರೆ ಮಾಡಿ ಬಳಸಬಹುದೇ? ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟಿತು ಅನ್ನುವಾಗ ನಾವು ಹರಳಿನ ಯೋಚನೆಯನ್ನೇ ಮಾಡುವುದಿಲ್ಲ.

ಪಾಂಡವಪುರ, ಮದ್ದೂರು ಕಡೆ ಆಲೆಮನೆಯಲ್ಲಿ ಕೆಲಸ ಮಾಡಿದವರು, ಮಾಡುವವರನ್ನು ಬಲ್ಲವರು ದಯವಿಟ್ಟು ತಿಳಿಸಿ: ಪಾಕ ಹರಳಾಗದೆ ಅಂಟಂಟಾಗಿಯೇ ಉಳಿದರೆ ಅಲ್ಲಿ ಏನಂತಾರೆ?