'ಕಾರ್ಬೊನೇರಾ' ಅಂದರೆ ಇದ್ದಿಲು ಗೂಡಾ? ಹಾಗಾದರೆ ಅದು ಯುದ್ಧನೌಕೆಯೊಳಗೆ ಏನು ಮಾಡುತ್ತಿತ್ತು?

ಅಕ್ಷರಪ್ರಿಯೆ:
ಸ್ಪ್ಯಾನಿಷ್ ಗೊತ್ತಿರುವವರು ಸ್ವಲ್ಪ ದಾರಿ ತೋರಿಸಿ. ಗೆಳತಿಯ ಅನುವಾದ ತಿದ್ದುತ್ತಿದ್ದೇನೆ. ಒಟ್ಟು ಎರಡು ಲೇಖನ. ಮೊದಲನೆಯದು ಸ್ಪೇನಿನ ನವಾರ್ರಾ ಬೆಟ್ಟಗಳದ್ದು. ಅದರಲ್ಲಿ 'ಕಾರ್ಬೊನೇರಾ ಹಗಲೂ ರಾತ್ರಿ ಹೊಗೆಯಾಡುತ್ತಿತ್ತು' ಅಂತ ಬರುತ್ತದೆ. ಎರಡನೆಯದು 1898ರಲ್ಲಿ ಹವಾನಾ ಬಂದರಿನಲ್ಲಿ ಸಿಡಿದು ಮುಳುಗಿದ ಅಮೆರಿಕದ ಯುದ್ಧನೌಕೆ 'ಮೇನ್' ಬಗ್ಗೆ. ಅಲ್ಲಿ 'ಕಾರ್ಬೊನೇರಾಕ್ಕೆ ಬೆಂಕಿ ಹತ್ತಿರಬಹುದು' ಅಂತಿದೆ. ಗೆಳತಿ ಎರಡೂ ಕಡೆ 'ಇದ್ದಿಲು ಗೂಡು' ಅಂತ ಬರೆದಿದ್ದಾಳೆ. ಕೇಳಿದರೆ 'ನಿಘಂಟಿನಲ್ಲಿ ಹಾಗೇ ಇದೆ' ಅಂತ ಹಟ. ಯುದ್ಧಕ್ಕೆ ಹೊರಟ ಹಡಗಿನಲ್ಲಿ ಕೂತು ಇದ್ದಿಲು ಸುಡುತ್ತಿದ್ದರಾ?

ಸುಮ್ನೆ ಕೇಳ್ದೆ:
ನಾನು ತಿಂದಿದ್ದೀನಿ. ಪಾಸ್ತಾ. ಮೊಟ್ಟೆ, ಚೀಸ್, ಹಂದಿಮಾಂಸ, ಮೇಲೆ ಕರಿಮೆಣಸು.

ಮಡ್ರಿಡ್ ಮನೆ:
ಅದು ಕಾರ್ಬೊನಾರಾ, ಇಟಲಿಯದು. ಬೇರು ಒಂದೇ, ಊರು ಬೇರೆ.

ಅಕ್ಷರಪ್ರಿಯೆ ಅವರೇ, ನಿಮ್ಮ ಗೆಳತಿ ನೋಡಿದ ನಿಘಂಟು ಸುಳ್ಳು ಹೇಳಿಲ್ಲ, ಪೂರ್ತಿ ಹೇಳಿಲ್ಲ ಅಷ್ಟೆ. ಸ್ಪ್ಯಾನಿಷ್‌ನಲ್ಲಿ 'ಕಾರ್ಬೋನ್' ಅಂದರೆ ಇದ್ದಿಲೂ ಹೌದು, ಗಣಿಯ ಕಲ್ಲಿದ್ದಲೂ ಹೌದು. ಬಿಡಿಸಿ ಹೇಳಲೇಬೇಕಾದರೆ ಮಾತ್ರ 'ಗಿಡಮರದ ಕಾರ್ಬೋನ್', 'ಕಲ್ಲಿನ ಕಾರ್ಬೋನ್' ಅನ್ನುತ್ತಾರೆ. ನಮ್ಮ 'ಕಲ್ಲಿದ್ದಲು' ಕೂಡ ಹಾಗೇ ಹುಟ್ಟಿದ್ದಲ್ವಾ? ಅದಕ್ಕೆ 'ಏರಾ' ಸೇರಿದರೆ ಆ ವಸ್ತು ತಯಾರಾಗುವ ಜಾಗ ಆಗಬಹುದು, ತುಂಬಿಡುವ ಜಾಗವೂ ಆಗಬಹುದು. 'ಪಾಪೆಲ್' ಅಂದರೆ ಕಾಗದ. 'ಪಾಪೆಲೇರಾ' ಅಂದರೆ ಕಸದ ಬುಟ್ಟಿ, ಕಾಗದದ ಕಾರ್ಖಾನೆಯೂ ಅದೇ. ಯಾವುದು ಅಂತ ಹಿಂದಿನ ಮುಂದಿನ ವಾಕ್ಯ ನೋಡಿಯೇ ತಿಳಿಯಬೇಕು.

ಇಲ್ಲಿನ ಹಳೇ ಅಪಾರ್ಟ್‌ಮೆಂಟುಗಳಲ್ಲೂ ಕಾರ್ಬೊನೇರಾ ಇರುತ್ತದೆ. ಒಲೆಗೆ, ಬಾಯ್ಲರಿಗೆ ಬೇಕಾದ ಇದ್ದಿಲು ಇಲ್ಲವೇ ಕಲ್ಲಿದ್ದಲು ತುಂಬಿಡುತ್ತಿದ್ದ ಕತ್ತಲೆ ಗೂಡು. ಈಗ ಅಲ್ಲಿ ಸೈಕಲ್, ಸೂಟ್‌ಕೇಸ್ ಇಟ್ಟಿರುತ್ತಾರೆ. ಹೆಸರು ಮಾತ್ರ ಹೋಗಿಲ್ಲ.

ಹಳಿ ತಪ್ಪಿದವ:
ಹಡಗಿನದು ಕಲ್ಲಿದ್ದಲು ಕೋಣೆ. ಇದರಲ್ಲಿ ಅನುಮಾನವೇ ಬೇಡ. ಆ ಕಾಲದ ಉಗಿ ಹಡಗಿನ ಹೊಟ್ಟೆ ತುಂಬ ಇಂಥ ಕೋಣೆಗಳು. 'ಮೇನ್'ನಲ್ಲಿ ಒಂದು ಕೋಣೆಯ ಪಕ್ಕದಲ್ಲೇ ಮದ್ದುಗುಂಡಿನ ಉಗ್ರಾಣ. ನಡುವೆ ಉಕ್ಕಿನ ಗೋಡೆ ಮಾತ್ರ. ಕೆಲವು ಜಾತಿಯ ಕಲ್ಲಿದ್ದಲನ್ನು ರಾಶಿ ಹಾಕಿ ಬಿಟ್ಟರೆ ಒಳಗೊಳಗೇ ಬಿಸಿಯಾಗಿ ತಾನೇ ಹೊತ್ತಿಕೊಳ್ಳುತ್ತದೆ. ಗೋಡೆ ಕಾದು ಮದ್ದಿಗೆ ಬೆಂಕಿ ತಗುಲಿತು ಅನ್ನುವುದು ಆ ವಾದ. ಅಮೆರಿಕದ ನೌಕಾಪಡೆಯ ಅಡ್ಮಿರಲ್ ರಿಕೋವರ್ 1976ರಲ್ಲಿ ದಾಖಲೆಗಳನ್ನೆಲ್ಲ ಮತ್ತೆ ತೆಗೆಸಿ ನೋಡಿ ಇದೇ ಸರಿಯಿರಬೇಕು ಅಂದರು. 1898ರಲ್ಲಿ ಅಮೆರಿಕದವರು 'ಹೊರಗಿನಿಂದ ನೆಲಬಾಂಬು ಸಿಡಿಯಿತು' ಅಂದಿದ್ದರು. ಸ್ಪೇನಿನ ತನಿಖೆ ಮೊದಲಿಂದಲೂ 'ಸ್ಫೋಟ ಆಗಿದ್ದು ಒಳಗೇ' ಅನ್ನುತ್ತಿತ್ತು. ಸತ್ತವರು 260ಕ್ಕೂ ಜಾಸ್ತಿ. ಆಮೇಲೆ ಯುದ್ಧವೇ ನಡೆದು ಸ್ಪೇನ್ ಕ್ಯೂಬಾ ಕಳೆದುಕೊಂಡಿತು.

ಅಂದರೆ ಆ ಇಡೀ ಜಗಳ ನಿಂತಿರುವುದೇ ಕಾರ್ಬೊನೇರಾದ ಮೇಲೆ. ಅಲ್ಲಿ 'ಇದ್ದಿಲು ಗೂಡು' ಅಂತ ಹಾಕಿದರೆ ಓದುವವರಿಗೆ ತಲೆಬುಡ ಗೊತ್ತಾಗಲ್ಲ.

ಸುಮ್ನೆ ಕೇಳ್ದೆ:
ನೀರಿನಲ್ಲಿ ನೆಲಬಾಂಬು ಹೇಗೆ ಗುರು? 😄

ಹಳಿ ತಪ್ಪಿದವ:
ಸರಿ, ನೀರುಬಾಂಬು ಅನ್ಕೋ. ವಿಷಯಕ್ಕೆ ಬಾ.

ಪಾವಗಡದ ಕಡೆಯವ:
ಹಡಗಿನದು ಮುಗಿಯಿತು. ನನ್ನ ತಕರಾರು ಮೊದಲನೇ ಲೇಖನದ ಬಗ್ಗೆ. ಅಲ್ಲೂ 'ಗೂಡು' ಸರಿಯಿಲ್ಲ. ಗೂಡು ಅಂದ ಕೂಡಲೇ ಇಟ್ಟಿಗೆ ಗೂಡು, ಸುಣ್ಣದ ಗೂಡು ಕಣ್ಣಿಗೆ ಬರುತ್ತದೆ. ಕಟ್ಟಿದ ಗೋಡೆ, ಬಾಯಿ, ವರ್ಷ ವರ್ಷ ಅಲ್ಲೇ ಇರುವಂಥದ್ದು. ನಮ್ಮ ಕಡೆ ಬಳ್ಳಾರಿ ಜಾಲಿ ಕಡಿದು ಇದ್ದಿಲು ಸುಡುವಾಗ ಅಂಥದ್ದೇನೂ ಇರಲ್ಲ. ಸೌದೆ ಒಟ್ಟುತ್ತಾರೆ, ಮೇಲೆ ಹುಲ್ಲು ಸೊಪ್ಪು ಹಾಕುತ್ತಾರೆ, ಮಣ್ಣು ಮುಚ್ಚುತ್ತಾರೆ. ಬೆಂಕಿ ಆರಿದ ಮೇಲೆ ಕೆದರಿ ಚೀಲಕ್ಕೆ ತುಂಬಿದರೆ ಅಲ್ಲಿ ಉಳಿಯುವುದು ಕಪ್ಪು ನೆಲ ಮಾತ್ರ. ಸ್ಪೇನಿನಲ್ಲೂ ಹೀಗೇನಾ?

ಮಡ್ರಿಡ್ ಮನೆ:
ಹೆಚ್ಚು ಕಡಿಮೆ ಹೀಗೇ, ಆದರೆ ಗಾತ್ರ ದೊಡ್ಡದು. ನವಾರ್ರಾದ ಲಾನಾ ಕಣಿವೆಯಲ್ಲಿ ವಿಲೋರಿಯಾ ಅಂತ ಊರಿದೆ. ಇದ್ದಿಲು ಸುಡುವ ಹಳೇ ಪದ್ಧತಿಗೆ ಹೆಸರಾದ ಊರು. ನಡುವೆ ಹೊಗೆಗಂಡಿ ಬಿಟ್ಟು ಸುತ್ತಲೂ ಓಕ್ ಜಾತಿಯ ಎನ್ಸೀನಾ ತುಂಡುಗಳನ್ನು ಒತ್ತೊತ್ತಾಗಿ ಜೋಡಿಸುತ್ತಾರೆ. ಸಂದಿಗಳಿಗೆಲ್ಲ ಸಣ್ಣ ಕಡ್ಡಿ. ಮೇಲೆ ಹುಲ್ಲು ಅಥವಾ ಎಲೆ, ಅದರ ಮೇಲೆ ಮಣ್ಣು. ಬೆಂಕಿ ಹಾಕುವುದು ತುದಿಯ ಗಂಡಿಯಿಂದ. ಅದು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಇಳಿಯಬೇಕು. ದೊಡ್ಡದಾದರೆ ಎರಡು ವಾರ ದಾಟುತ್ತದೆ.

ಅಷ್ಟು ದಿನವೂ ಒಬ್ಬರು ಪಕ್ಕದಲ್ಲೇ ಗುಡಿಸಲು ಹಾಕಿಕೊಂಡು ಕಾಯಬೇಕು. ರಾತ್ರಿ ಎದ್ದೆದ್ದು ನೋಡಬೇಕು. ಎಲ್ಲಾದರೂ ಮಣ್ಣು ಕುಸಿದು ಗಾಳಿ ನುಗ್ಗಿದರೆ ಇದ್ದಿಲಲ್ಲ, ಬರೀ ಬೂದಿ. ಪಕ್ಕದಲ್ಲಿ ಸಣ್ಣ ತೂತು ಮಾಡಿ, ಆಮೇಲೆ ಮುಚ್ಚಿ, ಇನ್ನೂ ಕೆಳಗೆ ಮತ್ತೆ ತೂತು ಮಾಡಿ ಬೆಂಕಿಯನ್ನು ಇಳಿಸಿಕೊಂಡು ಹೋಗುತ್ತಾರೆ. ಮೊದಲು ಬರುವುದು ದಟ್ಟ ಬಿಳಿ ಹೊಗೆ, ಸೌದೆಯ ನೀರಿನಂಶ. ಅದು ತೆಳ್ಳಗಾಗಿ ನೀಲಿಗೆ ತಿರುಗಿದರೆ ಆ ಭಾಗ ಬೆಂದಿದೆ ಅಂತ ಲೆಕ್ಕ. ಹದವಾಗಿ ಬೆಂದ ಇದ್ದಿಲು ಒಂದಕ್ಕೊಂದು ತಾಗಿದರೆ ಠಣ್ ಅನ್ನುತ್ತದೆ. ಸರಿಯಾಗಿ ಬೇಯದ್ದು ಟಕ್ ಅನ್ನುತ್ತದೆ, ಒಲೆಗೆ ಹಾಕಿದರೆ ಹೊಗೆ. ಐದು ಕೆಜಿ ಸೌದೆಗೆ ಸುಮಾರು ಒಂದು ಕೆಜಿ ಇದ್ದಿಲು ಸಿಕ್ಕರೆ ಪುಣ್ಯ.

1957ರಲ್ಲಿ ಬುಟಾನೋ ಕಂಪನಿ ಶುರುವಾಗಿ ಕಿತ್ತಳೆ ಬಣ್ಣದ ಗ್ಯಾಸ್ ಸಿಲಿಂಡರ್ ಮನೆಮನೆಗೆ ಬಂದ ಮೇಲೆ ಈ ಕಸುಬಿಗೆ ಹೊಡೆತ ಬಿತ್ತು.

ಪಾವಗಡದ ಕಡೆಯವ:
ನೋಡಿ, ನಾನು ಹೇಳಿದ್ದೂ ಅದೇ. ಕಟ್ಟಡವಲ್ಲ, ಒಟ್ಟಿದ ರಾಶಿ. ಗುಮ್ಮಟದ ಹಾಗೆ ಇರುವುದರಿಂದ 'ಇದ್ದಿಲು ಮೆದೆ' ಅನ್ನಿ. ಹುಲ್ಲಿನ ಮೆದೆ ನೋಡಿದವರಿಗೆ ಆಕಾರ ಥಟ್ಟನೆ ಬರುತ್ತದೆ. ಅಂದಹಾಗೆ ಬಳ್ಳಾರಿ ಜಾಲಿಯ ತವರು ಅಮೆರಿಕ ಖಂಡ. ಅದರ ನಂಟರು ಮೆಕ್ಸಿಕೋದಲ್ಲಿ 'ಮೆಸ್ಕೀತೆ'. ಅಲ್ಲೂ ಅದನ್ನು ಇದ್ದಿಲು ಮಾಡುತ್ತಾರೆ. ನಾವು ಮರ ಎರವಲು ತಂದಿದ್ದೇವೆ, ಪದ ಮಾತ್ರ ತರಲಿಲ್ಲ.

ಮೆಣಸಿನಬಳ್ಳಿ:
ನಮ್ಮ ಮಲೆನಾಡಲ್ಲಿ ಮೆದೆ ಅಂದರೆ ಯಾರಿಗೂ ಅರ್ಥವಾಗಲ್ಲ ಸಾರ್. ನಾವು 'ಕುತ್ರಿ' ಅನ್ನುವುದು.

ಹಳಿ ತಪ್ಪಿದವ:
ಉತ್ತರ ಕರ್ನಾಟಕದವರು 'ಬಣವಿ' ಅಂತಾರೆ. ಶುರುವಾಯ್ತು ನೋಡಿ.

ಮೆಣಸಿನಬಳ್ಳಿ:
ಬಣವೆ ಎಲ್ಲರಿಗೂ ಗೊತ್ತಿರುತ್ತದೆ, ಅದನ್ನೇ ಇಡಿ. ಪಾವಗಡದವರು ಕೋಪ ಮಾಡ್ಕೋಬೇಡಿ.

ನಾನು ಬಂದದ್ದು ಹಕ್ಕಿ ಹಿಂದೆ. ಇದೇ ಪದದ ಗಂಡುರೂಪ 'ಕಾರ್ಬೊನೇರೊ' ಅಂದರೆ ಇದ್ದಿಲು ಸುಡುವವನು, ಮಾರುವವನು. ಯುರೋಪಿನ ಗ್ರೇಟ್ ಟಿಟ್ ಹಕ್ಕಿಗೂ ಅದೇ ಹೆಸರು. ಹಳದಿ ಹೊಟ್ಟೆ, ಬಿಳಿ ಕೆನ್ನೆ, ತಲೆಯಿಂದ ಗಲ್ಲದವರೆಗೆ ಮಸಿ ಬಳಿದ ಹಾಗೆ ಕಪ್ಪು. ನಮ್ಮ ಪಶ್ಚಿಮಘಟ್ಟದಲ್ಲಿ ಕಾಣುವ ಬೂದು ಬಣ್ಣದ ಟಿಟ್ ಇದರ ಹತ್ತಿರದ ಸಂಬಂಧಿ. ಮುಂಚೆ ಎರಡನ್ನೂ ಒಂದೇ ಜಾತಿ ಅಂತ ಎಣಿಸುತ್ತಿದ್ದರು.

ಅಣಬೆಯಲ್ಲೂ ಕಾರ್ಬೊನೇರಾ ಇದೆ. ರುಸುಲಾ ಜಾತಿಯದು, ಟೋಪಿಯಲ್ಲಿ ನೇರಳೆ, ಹಸಿರು, ಬೂದು ಎಲ್ಲ ಕಲಸಿಕೊಂಡಿರುತ್ತದೆ. ಬೇರೆ ರುಸುಲಾಗಳ ಕೆಳಗಿನ ಪದರಗಳನ್ನು ಮುಟ್ಟಿದರೆ ಪುಡಿಪುಡಿ. ಇದರವು ಬಾಗುತ್ತವೆ, ಬೆರಳಿಗೆ ಜಿಡ್ಡು ಜಿಡ್ಡಾಗಿ ಹತ್ತುತ್ತವೆ. ತಿನ್ನುವ ಅಣಬೆ. ತೊಂದರೆ ಏನೆಂದರೆ, ಇನ್ನೊಂದು ಬೂದು ಅಣಬೆಗೂ ಕೆಲವು ಕಡೆ ಕಾರ್ಬೊನೇರಾ ಅಂತಾರೆ. ಬರೀ ಹೆಸರು ನಂಬಿ ಅಣಬೆ ಕೀಳಬಾರದು.

ಹಳಿ ತಪ್ಪಿದವ:
ಫುಟ್ಬಾಲ್ ಬಿಟ್ಟರೆ ಹೇಗೆ? ಉರುಗ್ವೆಯ ಪೆನ್ಯಾರೋಲ್ ಕ್ಲಬ್ಬಿನವರನ್ನು 'ಕಾರ್ಬೊನೇರೊಸ್' ಅಂತಲೇ ಕರೆಯುವುದು. 1891ರಲ್ಲಿ ರೈಲ್ವೆ ನೌಕರರು ಕಟ್ಟಿದ ಕ್ಲಬ್, ಅದೂ ಕ್ರಿಕೆಟ್ ಕ್ಲಬ್ ಅನ್ನುವ ಹೆಸರಲ್ಲಿ. ಎಂಜಿನ್ನಿಗೆ ಕಲ್ಲಿದ್ದಲು ತುಂಬುವವರ ತಂಡ ಅನ್ನುವ ಅರ್ಥ. ಅಲ್ಲಿ ಇದ್ದಿಲು ಸುಡುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಸುಮ್ನೆ ಕೇಳ್ದೆ:
ಇಷ್ಟೆಲ್ಲ ರಗಳೆ ಯಾಕೆ? ಕನ್ನಡದಲ್ಲೂ 'ಕಾರ್ಬೊನೇರಾ' ಅಂತಲೇ ಇಟ್ಟುಬಿಡಿ. ಬಸ್ಸು, ರೈಲು ಇಟ್ಟುಕೊಂಡಿಲ್ವಾ?

ಮಡ್ರಿಡ್ ಮನೆ:
ಬಸ್ಸು ಎಲ್ಲರ ಮನೆ ಮುಂದೆ ನಿಲ್ಲುತ್ತದೆ. ಕಾರ್ಬೊನೇರಾ ಅಂದರೆ ನಿಮಗೇ ಪಾಸ್ತಾ ನೆನಪಾಯಿತಲ್ಲ! ಊರಿನ ಹೆಸರಾದರೆ ಹಾಗೇ ಇಡಬೇಕು, ಒಪ್ಪುತ್ತೇನೆ. ಅಲ್ಮೇರಿಯಾ ಕಡಲತೀರದಲ್ಲಿ 'ಕಾರ್ಬೊನೇರಾಸ್' ಅಂತ ಊರಿದೆ. ಕಾಡಿನ ಇದ್ದಿಲು ಸುಟ್ಟು ಸಾಗಿಸುತ್ತಿದ್ದುದರಿಂದ ಬಂದ ಹೆಸರು. 1980ರ ದಶಕದಲ್ಲಿ ಅಲ್ಲಿ ಕಲ್ಲಿದ್ದಲಿನ ದೊಡ್ಡ ವಿದ್ಯುತ್ ಸ್ಥಾವರ ಬಂತು. ಆ ಚಿಮಣಿ ನೋಡಿದ ಪ್ರವಾಸಿಗಳು ಊರಿಗೆ ಹೆಸರು ಬಂದದ್ದೇ ಅದರಿಂದ ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ. ಸ್ಥಾವರ ಈಗ ಮುಚ್ಚಿದೆ.

ಅಕ್ಷರಪ್ರಿಯೆ:
ಎಲ್ಲರಿಗೂ ಥ್ಯಾಂಕ್ಸ್. ಗೆಳತಿಗೆ ಇದೆಲ್ಲ ಕಳಿಸಿದೆ. ಹಡಗಿಗೆ 'ಕಲ್ಲಿದ್ದಲು ಕೋಣೆ', ಬೆಟ್ಟಕ್ಕೆ 'ಇದ್ದಿಲು ಬಣವೆ' ಅಂತ ಒಪ್ಪಿದಳು. ಹುಡುಕಿ ಎಲ್ಲ ಕಡೆ ಒಂದೇ ಏಟಿಗೆ ಬದಲಾಯಿಸಿಯೂ ಬಿಟ್ಟಳು. ಈಗ ನವಾರ್ರಾ ಲೇಖನದ ಕೊನೆಯ ಪುಟದಲ್ಲಿ ಹೀಗಿದೆ: 'ಸಂಜೆ ಇದ್ದಿಲು ಬಣವೆಯು ಎರಡು ಹೇಸರಗತ್ತೆಗಳನ್ನು ಹೊಡೆದುಕೊಂಡು ಊರಿಗೆ ಇಳಿದು ಬಂತು.'

ಪಾವಗಡದ ಕಡೆಯವ:
ಮೆದೆ ಅಂತ ಇಟ್ಟಿದ್ದರೆ ಓಡಾಡ್ತಿರಲಿಲ್ಲ. 😂

ಮಡ್ರಿಡ್ ಮನೆ:
ಅದು ಹೆಂಗಸು ಮೇಡಂ! ಇದ್ದಿಲು ಮಾರುವವಳಿಗೂ ಕಾರ್ಬೊನೇರಾ ಅಂತಲೇ ಹೇಳುವುದು. ಬೇಗ ತಿದ್ದಿಸಿ, ಅಚ್ಚಿಗೆ ಹೋದೀತು.