ಎಡಿಟಿಂಗ್, ಆನಿಮೇಷನ್, ವಿಎಫ್‌ಎಕ್ಸ್: ಆನ್‌ಲೈನ್‌ನಲ್ಲಿ ಎಲ್ಲಿಂದ ಶುರು ಮಾಡೋದು?

ಪ್ರಶ್ನೆ: ಬಿ.ಕಾಂ ಕೊನೆಯ ವರ್ಷ, ಊರು ಹಾವೇರಿ ಹತ್ತಿರ. ಲಕ್ಷಗಟ್ಟಲೆ ಫೀಸು ಕಟ್ಟುವ ಸ್ಥಿತಿ ಇಲ್ಲ. ಲ್ಯಾಪ್‌ಟಾಪ್ ಐ5, 8 ಜಿಬಿ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಎಡಿಟಿಂಗ್, ಆನಿಮೇಷನ್, ವಿಎಫ್‌ಎಕ್ಸ್ ಮೂರೂ ಇಷ್ಟ. ಯೂಟ್ಯೂಬ್‌ನಲ್ಲಿ ಸಾವಿರ ವಿಡಿಯೊ ಇವೆ, ಯಾವುದನ್ನು ಹಿಡಿಯಲಿ? ಇಂಗ್ಲಿಷ್ ಓದಿದರೆ ಅರ್ಥ ಆಗುತ್ತೆ, ಕೇಳಿದರೆ ಕಷ್ಟ.

ಉತ್ತರ (ಸಂಕಲನಕಾರ): ಮೊದಲು ಮೂರರಲ್ಲಿ ಒಂದನ್ನು ಆರಿಸಿಕೊಳ್ಳಿ. ಪಾಠ ಹೇಳುವವರಿಗೆ ಬರ ಇಲ್ಲ. ಅಭ್ಯಾಸಕ್ಕೆ ಕಚ್ಚಾ ಸಾಮಗ್ರಿ ಎಲ್ಲಿ ಸಿಗುತ್ತೆ ಅನ್ನೋದನ್ನು ನೋಡಿ ಕೋರ್ಸ್ ಆರಿಸಿ. ಸಾಮಗ್ರಿ ಕೊಡದ ಕೋರ್ಸು ಬರೀ ನೋಡೋದಕ್ಕೆ.

ಎಡಿಟಿಂಗ್ ಆದರೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಾಕು. ಬ್ಲ್ಯಾಕ್‌ಮ್ಯಾಜಿಕ್ ಕಂಪನಿಯ ಟ್ರೈನಿಂಗ್ ಪುಟದಲ್ಲಿ ಎಡಿಟಿಂಗ್, ಕಲರ್, ಫ್ಯೂಷನ್ (ರಿಸಾಲ್ವ್ ಒಳಗಿನ ವಿಎಫ್‌ಎಕ್ಸ್ ವಿಭಾಗ), ಫೇರ್‌ಲೈಟ್ ಆಡಿಯೊ ಒಂದೊಂದಕ್ಕೂ ಪುಸ್ತಕ ಪಿಡಿಎಫ್ ಆಗಿ, ಜೊತೆಗೆ ಅದರ ಫುಟೇಜ್ ಕೂಡ ಬಿಟ್ಟಿಯಾಗಿ ಸಿಗುತ್ತೆ. ಓದಿದರೆ ಅರ್ಥವಾಗುತ್ತೆ ಅಂದಿರಲ್ಲ, ನಿಮಗೆ ವಿಡಿಯೊಗಿಂತ ಇದೇ ಸರಿ. ಯೂಟ್ಯೂಬ್ ನೋಡುವಾಗ ಇಂಗ್ಲಿಷ್ ಸಬ್‌ಟೈಟಲ್ ಹಾಕಿ, ವೇಗ 0.75ಕ್ಕೆ ಇಳಿಸಿ. ಕನ್ನಡಕ್ಕೆ ತಾನಾಗಿ ಅನುವಾದಿಸುವ ಸೌಲಭ್ಯವೂ ಇದೆ, ಆದರೆ ತಾಂತ್ರಿಕ ಪದಗಳನ್ನೆಲ್ಲ ಅನುವಾದ ಮಾಡಲು ಹೋಗಿ ಮೆನುವಿನಲ್ಲಿ ಇಲ್ಲದ ಹೆಸರು ಹೇಳುತ್ತೆ.

ನಿಮ್ಮ ಯಂತ್ರದ ಮಾತು. ರಿಸಾಲ್ವ್‌ಗೆ 16 ಜಿಬಿ ರ‍್ಯಾಮ್ ಬೇಕು, ಫ್ಯೂಷನ್ ಬಳಸಿದರೆ 32 ಅಂತ ಕಂಪನಿಯೇ ಹೇಳುತ್ತೆ. ಲ್ಯಾಪ್‌ಟಾಪ್‌ನಲ್ಲಿ ಸ್ಲಾಟ್ ಇದ್ದರೆ ಮೊದಲ ಖರ್ಚು ಅದಕ್ಕೇ ಮಾಡಿ. ಅಲ್ಲಿಯವರೆಗೆ ಕೆಡೆನ್‌ಲೈವ್ ಅಥವಾ ಶಾಟ್‌ಕಟ್. ಯಾವುದೇ ಇರಲಿ, 4ಕೆ ಫೈಲನ್ನು ನೇರವಾಗಿ ಕಟ್ ಮಾಡಬೇಡಿ, ಪ್ರಾಕ್ಸಿ, ಅಂದರೆ ಕಟ್ ಮಾಡೋದಕ್ಕಷ್ಟೇ ಚಿಕ್ಕ ನಕಲು, ಮಾಡಿಕೊಳ್ಳಿ. ಕಾಲು ಅಳತೆ ಅಂದರೆ 960x540. ಕಟ್ ನಿರ್ಧಾರಕ್ಕೆ ಅಷ್ಟು ಧಾರಾಳ. ಲಿನಕ್ಸ್ ಹಾಕಿಕೊಂಡಿದ್ದರೆ ಇನ್ನೊಂದು: ಉಚಿತ ರಿಸಾಲ್ವ್ ಅಲ್ಲಿ ಎಚ್.264 (ಫೋನಿನ ವಿಡಿಯೊ ಸಾಮಾನ್ಯವಾಗಿ ಇರುವ ಬಗೆ) ಫೈಲು ತೆರೆಯಲ್ಲ, ಮೊದಲೇ ಎಡಿಟಿಂಗ್‌ಗೆಂದೇ ಇರುವ ಡಿಎನ್‌ಎಕ್ಸ್‌ಎಚ್‌ಆರ್‌ ಬಗೆಗೆ ಬದಲಿಸಬೇಕು.

ಬಟನ್ನು ಕಲಿತ ಮೇಲೆ ಕಟ್ ಕಲಿಯಬೇಕು. ಎಡಿಟ್‌ಸ್ಟಾಕ್ ಅನ್ನೋ ತಾಣ ನಿಜವಾದ ಚಿತ್ರೀಕರಣದ ಎಡಿಟ್ ಮಾಡದ ಟೇಕ್‌ಗಳನ್ನು ಸ್ಕ್ರಿಪ್ಟ್ ಸಮೇತ ಮಾರುತ್ತೆ. ಒಂದೇ ಒಂದು ದೃಶ್ಯ ಕೊಳ್ಳಿ. ಅದನ್ನೇ ಮೂರು ಸಲ ಕಟ್ ಮಾಡಿ: ಒಮ್ಮೆ ಮಾತಾಡುವವನ ಪರವಾಗಿ, ಒಮ್ಮೆ ಕೇಳಿಸಿಕೊಳ್ಳುವವನ ಪರವಾಗಿ, ಒಮ್ಮೆ ಅರ್ಧ ಸಂಭಾಷಣೆ ಕಿತ್ತುಹಾಕಿ. ಮೊದಲು ಪರದೆ ನೋಡದೆ ಮಾತಿನ ಟ್ರ್ಯಾಕ್ ಮಾತ್ರ ಜೋಡಿಸಿ. ಕಿವಿಗೆ ಸರಿಬಂದ ಮೇಲೆ ಚಿತ್ರದ ಕಟ್‌ಗಳನ್ನು ಮಾತಿಗಿಂತ 6ರಿಂದ 10 ಫ್ರೇಮ್ ಹಿಂದೆ ಮುಂದೆ ಸರಿಸಿ. ಮಾತು ಮುಗಿದ ಫ್ರೇಮಿನಲ್ಲೇ ಕಟ್ ಮಾಡಿದರೆ ದೃಶ್ಯ ಪಿಂಗ್‌ಪಾಂಗ್ ಆಟದ ಹಾಗೆ ಕಾಣುತ್ತೆ. ಹಾಲಿವುಡ್ ಸಂಕಲನಕಾರ ವಾಲ್ಟರ್ ಮರ್ಚ್ ಒಳ್ಳೆಯ ಕಟ್‌ಗೆ ಆರು ಮಾನದಂಡ ಇಟ್ಟು ಭಾವಕ್ಕೆ ಶೇ. 51, ಕಥೆಗೆ 23, ಲಯಕ್ಕೆ 10 ಕೊಟ್ಟಿದ್ದಾರೆ. ಟ್ರಾನ್ಸಿಷನ್ ಪ್ಯಾಕ್ ಮಾರುವವರು ಈ ಲೆಕ್ಕ ಹೇಳಲ್ಲ. ಯೂಟ್ಯೂಬ್‌ನಲ್ಲಿ ದಿಸ್ ಗೈ ಎಡಿಟ್ಸ್ ನೋಡಿ, ಕಟ್ ಅಲ್ಲೇ ಯಾಕೆ ಅನ್ನೋ ಚರ್ಚೆ ಇರುತ್ತೆ.

ಮರುಪ್ರಶ್ನೆ (ಇನ್ನೊಬ್ಬರು): ಮೊಬೈಲ್‌ನಲ್ಲಿ ತೆಗೆದಿದ್ದು ಟೈಮ್‌ಲೈನ್‌ಗೆ ಹಾಕಿದರೆ ತುಟಿ ಒಂದು ಕಡೆ, ಮಾತು ಒಂದು ಕಡೆ. ಯಾಕೆ?

ಉತ್ತರ (ಸಂಕಲನಕಾರ): ವ್ಯತ್ಯಾಸ ಶುರುವಿನಿಂದ ಕೊನೆವರೆಗೂ ಒಂದೇ ಇದೆಯಾ, ಬೆಳೀತಾ ಹೋಗುತ್ತಾ? ಒಂದೇ ಇದ್ದರೆ ಆಡಿಯೊ ಸರಿಸಿದರೆ ಮುಗೀತು. ಬೆಳೀತಿದ್ದರೆ ಅದು ವೇರಿಯಬಲ್ ಫ್ರೇಮ್ ರೇಟ್. ಫೋನು ಬೆಳಕು, ಬಿಸಿ ನೋಡಿಕೊಂಡು ಫ್ರೇಮ್ ಬಿಡ್ತಾ ಹೋಗುತ್ತೆ, ಎಡಿಟಿಂಗ್ ತಂತ್ರಾಂಶ ಪ್ರತಿ ಸೆಕೆಂಡಿಗೂ ಸಮ ಲೆಕ್ಕ ಅಂದುಕೊಳ್ಳುತ್ತೆ. ಹ್ಯಾಂಡ್‌ಬ್ರೇಕ್ ಅನ್ನೋ ಫೈಲು ಬದಲಿಸುವ ತಂತ್ರಾಂಶದ ವಿಡಿಯೊ ಟ್ಯಾಬ್‌ನಲ್ಲಿ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಆರಿಸಿ, 30 ಅಂತ ಕೊಟ್ಟು ಬದಲಿಸಿಕೊಂಡು ಆಮೇಲೆ ಇಂಪೋರ್ಟ್ ಮಾಡಿ. ಪ್ರಾಜೆಕ್ಟ್‌ನ ಫ್ರೇಮ್ ರೇಟ್ ಮೊದಲೇ ನಿಗದಿ ಮಾಡಿ. ಕ್ಲಿಪ್ ಒಳಗೆ ಬಂದ ಮೇಲೆ ರಿಸಾಲ್ವ್ ಅದನ್ನು ಬದಲಿಸಲು ಬಿಡಲ್ಲ.

ಉತ್ತರ (ಆನಿಮೇಟರ್): ಆನಿಮೇಷನ್ ಕಡೆ ಬರೋರಿಗೆ ಬ್ಲೆಂಡರ್ ಅನ್ನೋ ಉಚಿತ 3ಡಿ ತಂತ್ರಾಂಶ. ಯೂಟ್ಯೂಬ್‌ನಲ್ಲಿರುವ ಆಂಡ್ರ್ಯೂ ಪ್ರೈಸ್‌ನ ಡೋನಟ್ ಪಾಠ ಇಂಟರ್‌ಫೇಸ್ ಪರಿಚಯಕ್ಕೆ ಒಳ್ಳೇದು, ಆದರೆ ಅದು ಆನಿಮೇಷನ್ ಪಾಠ ಅಲ್ಲ. ಪಾಠ ಯಾವ ಆವೃತ್ತಿಯದು ನೋಡಿಕೊಳ್ಳಿ. 2019ರ 2.8ರಲ್ಲಿ ಪೂರ್ತಿ ಇಂಟರ್‌ಫೇಸೇ ಬದಲಾಯಿತು. ಅದಕ್ಕಿಂತ ಹಳೆಯ ವಿಡಿಯೊದಲ್ಲಿ ಹೇಳುವ ಬಟನ್ ನಿಮಗೆ ಸಿಗೋದೇ ಇಲ್ಲ. ಕೈಯಲ್ಲಿ ಚಿತ್ರ ಬರೆಯೋರಿಗೆ ಕ್ರೀಟಾ, ಓಪನ್‌ಟೂನ್ಜ್; ಎರಡೂ ನಿಮ್ಮ 8 ಜಿಬಿಯಲ್ಲಿ ಓಡುತ್ತವೆ.

ಮೊದಲು ಪುಟಿಯುವ ಚೆಂಡು. ಎಲ್ಲರ ಚೆಂಡೂ ನೆಲದ ಹತ್ತಿರ ತೇಲುತ್ತೆ, ಕಾರಣ ಒಂದೇ: ಬ್ಲೆಂಡರ್ ತಾನಾಗಿ ಹಾಕುವ ಬೆಜಿಯರ್ ಕರ್ವ್ (ಚಲನೆಯ ನಯವಾದ ಗೆರೆ) ನೆಲ ತಾಗುವ ಕೀಯಲ್ಲೂ, ಅಂದರೆ ನೀವು ಸ್ಥಾನ ಗುರುತು ಮಾಡಿದ ಫ್ರೇಮಿನಲ್ಲೂ, ನಿಧಾನ ಮಾಡಿಬಿಡುತ್ತೆ. ಗ್ರಾಫ್ ಎಡಿಟರ್‌ನಲ್ಲಿ ಆ ಕೀಗಳ ಹ್ಯಾಂಡಲ್ ವೆಕ್ಟರ್ ಮಾಡಿ, ಕೆಳಗೆ ಚೂಪು, ಮೇಲೆ ದುಂಡು ಇರಬೇಕು. ಎತ್ತರ ಕಡಿಮೆಯಾದ ಹಾಗೆ ಪ್ರತಿ ಪುಟಿತದ ಫ್ರೇಮ್ ಸಂಖ್ಯೆಯೂ ಇಳಿಯಬೇಕು.

ಆಮೇಲೆ ನಡಿಗೆ. ಬ್ಲೆಂಡರ್ ಸ್ಟುಡಿಯೊ ಕೊಡುವ ರೇನ್ ಅನ್ನೋ ರಿಗ್ (ಕೈಕಾಲು ಆಡಿಸಲು ಸಿದ್ಧವಾಗಿರುವ ಪಾತ್ರ) ಉಚಿತ. ಸೆಕೆಂಡಿಗೆ 24 ಫ್ರೇಮ್‌ನಲ್ಲಿ ಕಾಂಟ್ಯಾಕ್ಟ್ (ಹಿಮ್ಮಡಿ ನೆಲ ತಾಗುವ ಪೋಸ್) 1ನೇ ಫ್ರೇಮ್, ಡೌನ್ (ಮೈ ತಗ್ಗುವುದು) 4, ಪಾಸಿಂಗ್ (ಒಂದು ಕಾಲು ಇನ್ನೊಂದನ್ನು ದಾಟುವುದು) 7, ಅಪ್ (ಮೈ ಏರುವುದು) 10, ಇನ್ನೊಂದು ಕಾಲಿನ ಕಾಂಟ್ಯಾಕ್ಟ್ 13. 25ರಲ್ಲಿ 1ರದೇ ಪೋಸ್, ಆದರೆ ಲೂಪ್ ರೆಂಡರ್ 1ರಿಂದ 24ರವರೆಗೆ ಮಾತ್ರ. 25ನ್ನೂ ಸೇರಿಸಿದರೆ ಪ್ರತಿ ಸುತ್ತಿಗೂ ಒಂದು ಎಡವು ಕಾಣುತ್ತೆ. ಪೋಸ್‌ಗಳನ್ನು ಕಾನ್‌ಸ್ಟಂಟ್ ಇಂಟರ್‌ಪೊಲೇಷನ್‌ನಲ್ಲೇ (ಒಂದು ಪೋಸ್‌ನಿಂದ ಇನ್ನೊಂದಕ್ಕೆ ನೇರ ಜಿಗಿತ) ಇಟ್ಟು ಸಮಯ ಸರಿಯಾಗೋವರೆಗೂ ಸ್ಪ್ಲೈನ್ (ನಡುವಿನ ನಯವಾದ ಚಲನೆ) ಮುಟ್ಟಬೇಡಿ. ರೆಂಡರ್ ಯಾವತ್ತೂ ಪಿಎನ್‌ಜಿ ಸೀಕ್ವೆನ್ಸ್, ಅಂದರೆ ಫ್ರೇಮಿಗೊಂದು ಚಿತ್ರದ ಫೈಲು. ನೇರ ವಿಡಿಯೊ ಫೈಲಿಗೆ ಬಿಟ್ಟು 180ನೇ ಫ್ರೇಮಿಗೆ ಕರೆಂಟ್ ಹೋದರೆ 179ನ್ನೂ ಮತ್ತೆ ಮಾಡಬೇಕು.

ಉತ್ತರ (ಕಂಪೋಸಿಟರ್): ವಿಎಫ್‌ಎಕ್ಸ್ ಅಂದರೆ ಎಲ್ಲರ ಕಣ್ಣೂ ಸ್ಫೋಟದ ಮೇಲೆ. ಕೆಲಸದ ಬಾಗಿಲು ಮಾತ್ರ ರೋಟೊ (ಫ್ರೇಮಿನಲ್ಲಿ ವ್ಯಕ್ತಿ, ವಸ್ತುವಿನ ಅಂಚು ಗುರುತಿಸಿ ಬೇರ್ಪಡಿಸೋದು) ಮತ್ತು ಪೇಂಟ್ (ಬೇಡದ್ದನ್ನು ಅಳಿಸೋದು). ಬೇರೆ ಬೇರೆ ಚಿತ್ರಗಳನ್ನು ಒಂದೇ ಶಾಟ್ ಆಗಿ ಬೆಸೆಯುವ ತಂತ್ರಾಂಶ ನ್ಯೂಕ್‌ನ ನಾನ್-ಕಮರ್ಷಿಯಲ್ ಆವೃತ್ತಿ ಉಚಿತ. ಔಟ್‌ಪುಟ್ 1920x1080ಕ್ಕೆ ನಿಲ್ಲುತ್ತೆ, ಅದರ ಫೈಲು ವಾಣಿಜ್ಯ ಆವೃತ್ತಿಯಲ್ಲಿ ತೆರೆಯಲ್ಲ. ಹಾಗಾಗಿ ಹಣಕ್ಕೆ ಮಾಡುವ ಕೆಲಸಕ್ಕೆ ಬಳಸಬೇಡಿ. ನ್ಯೂಕ್ ತಯಾರಿಸುವ ಫೌಂಡ್ರಿ ಕಂಪನಿಯ ಕಲಿಕಾ ಪುಟ, ಯೂಟ್ಯೂಬ್‌ನ ಹ್ಯೂಗೋಸ್ ಡೆಸ್ಕ್ ಎರಡೂ ಸ್ಟುಡಿಯೊದ ಕ್ರಮದಲ್ಲೇ ಕಲಿಸುತ್ತವೆ.

ಪ್ಲೇಟ್‌ಗೆ, ಅಂದರೆ ಎಫೆಕ್ಟ್ ಸೇರಿಸದ ಮೂಲ ಶಾಟ್‌ಗೆ, ಬ್ಲೆಂಡರ್ ಫೌಂಡೇಷನ್ 2012ರಲ್ಲಿ ಮಾಡಿದ ಕಿರುಚಿತ್ರ ಟಿಯರ್ಸ್ ಆಫ್ ಸ್ಟೀಲ್ ನೋಡಿ. ಹಸಿರು ಪರದೆಯದೂ ಸೇರಿ ಅದರ ಮೂಲ ಫುಟೇಜ್ ಇಎಕ್ಸ್‌ಆರ್ (ವಿಎಫ್‌ಎಕ್ಸ್‌ನಲ್ಲಿ ಬಳಸುವ ಉತ್ತಮ ಗುಣಮಟ್ಟದ ಚಿತ್ರದ ಫೈಲು) ಫ್ರೇಮ್‌ಗಳಾಗಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಸಿಗುತ್ತೆ. ಹಾಲಿವುಡ್ ಕ್ಯಾಮೆರಾ ವರ್ಕ್ ಮತ್ತು ಆಕ್ಷನ್‌ವಿಎಫ್‌ಎಕ್ಸ್ ಕೂಡ ಅಭ್ಯಾಸದ ಪ್ಲೇಟ್‌ಗಳನ್ನು ಉಚಿತವಾಗಿ ಕೊಡುತ್ತವೆ. ಸ್ವಂತ ಮೊಬೈಲ್‌ನಲ್ಲಿ ಹಸಿರು ಬಟ್ಟೆ ಕಟ್ಟಿ ಕೀಯಿಂಗ್ (ಹಸಿರನ್ನು ತೆಗೆದು ಮನುಷ್ಯನನ್ನು ಮಾತ್ರ ಉಳಿಸೋದು) ಕಲಿಯಲು ಹೋಗಬೇಡಿ. ಫೋನಿನ 4:2:0 ಫೈಲಿನಲ್ಲಿ ನಾಲ್ಕು ಪಿಕ್ಸೆಲ್‌ಗೆ ಒಂದೇ ಬಣ್ಣದ ಮಾಹಿತಿ, ಕೂದಲಿನ ಅಂಚು ಮೆಟ್ಟಿಲಾಗುತ್ತೆ. ತಪ್ಪು ನಿಮ್ಮದೋ ಫೈಲಿನದೋ ಗೊತ್ತಾಗಲ್ಲ.

ರೋಟೊದಲ್ಲಿ ಇಡೀ ಮನುಷ್ಯನಿಗೆ ಒಂದು ಶೇಪ್ ಹಾಕಬೇಡಿ. ತಲೆ, ಮೇಲ್ತೋಳು, ಮುಂಗೈ, ಅಂಗೈ ಬೇರೆ ಬೇರೆ, ಪಾಯಿಂಟ್ ಆದಷ್ಟು ಕಡಿಮೆ. ಕೀ ಹಾಕೋದು ಚಲನೆ ದಿಕ್ಕು ಬದಲಿಸುವ ಫ್ರೇಮ್‌ಗಳಲ್ಲಿ, ಆಮೇಲೆ ನಡುವೆ, ಮತ್ತೆ ಅದರ ನಡುವೆ. ಪ್ರತಿ ಫ್ರೇಮಿಗೂ ಕೀ ಹಾಕಿದರೆ ಅಂಚು ಕುದಿಯುತ್ತೆ.

ಅಂಚಿನ ಇನ್ನೊಂದು ಕಾಟ ಪ್ರೀಮಲ್ಟಿಪ್ಲೈ, ಅಂದರೆ ಬಣ್ಣವನ್ನು ಆಲ್ಫಾದಿಂದ (ಚಿತ್ರದ ಪಾರದರ್ಶಕತೆಯ ಮಾಹಿತಿ) ಗುಣಿಸೋದು. ಆಲ್ಫಾ ಇರುವ ಚಿತ್ರಕ್ಕೆ ಕಲರ್ ಮಾಡುವ ಮುಂಚೆ ಅನ್‌ಪ್ರೀಮಲ್ಟ್, ಗ್ರೇಡ್ ಆದ ಮೇಲೆ ಪ್ರೀಮಲ್ಟ್, ಆಮೇಲೇ ಮರ್ಜ್ (ಹಿನ್ನೆಲೆಯ ಮೇಲೆ ಕೂರಿಸೋದು). ಎರಡು ಸಲ ಪ್ರೀಮಲ್ಟ್ ಆದರೆ ಕಪ್ಪು ಗೆರೆ, ಒಂದೂ ಆಗದಿದ್ದರೆ ಹೊಳೆಯುವ ಗೆರೆ. ಗೆರೆಯ ಬಣ್ಣ ನೋಡಿದರೆ ತಪ್ಪು ಎಲ್ಲಿ ಅಂತ ಗೊತ್ತಾಗುತ್ತೆ.

ಮರುಪ್ರಶ್ನೆ: ಸರ್ಟಿಫಿಕೇಟ್ ಬೇಕಾ?

ಉತ್ತರ (ಕಂಪೋಸಿಟರ್): ಬ್ಲ್ಯಾಕ್‌ಮ್ಯಾಜಿಕ್‌ನ ಪುಸ್ತಕ ಮುಗಿಸಿದವರಿಗೆ ಆನ್‌ಲೈನ್ ಪರೀಕ್ಷೆ ಬಿಟ್ಟಿ ಇದೆ, ಬರೆಯಿರಿ. ಸ್ಟುಡಿಯೊದವರು ನೋಡೋದು ರೀಲು (ನಿಮ್ಮ ಕೆಲಸದ ಮಾದರಿಗಳ ವಿಡಿಯೊ), ಆಮೇಲೆ ಕೊಡೋದು ಟೆಸ್ಟ್ ಶಾಟ್. ರೀಲು ಒಂದೂವರೆ ನಿಮಿಷ ದಾಟದಿರಲಿ, ಒಳ್ಳೆಯ ಶಾಟ್ ಮೊದಲು, ಪ್ರತಿ ಶಾಟ್‌ಗೂ ಮೂಲ ಪ್ಲೇಟ್ ಮತ್ತು ನೀವು ಮಾಡಿದ್ದು ಏನು ಅನ್ನೋ ಒಂದು ಸಾಲು. ಪಾಠದ ಡೋನಟ್ ಹಾಕಬೇಡಿ, ಅದನ್ನು ಎಲ್ಲರ ರೀಲಿನಲ್ಲೂ ನೋಡಿರುತ್ತಾರೆ. 2025ರ ಫೆಬ್ರವರಿಯಲ್ಲಿ ವಿಎಫ್‌ಎಕ್ಸ್ ಕಂಪನಿ ಟೆಕ್ನಿಕಲರ್ ಮುಚ್ಚಿದಾಗ ಬೆಂಗಳೂರಿನಲ್ಲೇ ದೊಡ್ಡ ಸಂಖ್ಯೆಯ ಕಲಾವಿದರು ಒಟ್ಟಿಗೆ ಕೆಲಸ ಕಳೆದುಕೊಂಡರು. ಹಾಗಾಗಿ ಸಾಲ ಮಾಡಿ ದುಬಾರಿ ಕೋರ್ಸ್ ಸೇರುವ ಮುಂಚೆ ಎರಡು ಸಲ ಯೋಚಿಸಿ.

ಮರುಪ್ರಶ್ನೆ: ದಿನಕ್ಕೆ 1.5 ಜಿಬಿ ಡೇಟಾ. ಇಎಕ್ಸ್‌ಆರ್ ಇಳಿಸೋದು ಹೇಗೆ?

ಉತ್ತರ (ಕಂಪೋಸಿಟರ್): ಎಚ್‌ಡಿ ಅಳತೆಯ 16 ಬಿಟ್ ಇಎಕ್ಸ್‌ಆರ್ ಸಂಕುಚಿತ ಮಾಡದಿದ್ದರೆ ಫ್ರೇಮಿಗೆ ಸುಮಾರು 12 ಎಂಬಿ, ಅಂದರೆ 100 ಫ್ರೇಮಿಗೆ 1.2 ಜಿಬಿ. ಟಿಯರ್ಸ್ ಆಫ್ ಸ್ಟೀಲ್ ಫುಟೇಜ್ ಶಾಟ್‌ಗೊಂದು ಫೋಲ್ಡರ್ ಆಗಿ ಇದೆ, 4ಕೆ ಬಿಟ್ಟು ಎಚ್‌ಡಿ ಫೋಲ್ಡರ್‌ಗೆ ಹೋಗಿ ಮೊದಲ 60 ಫ್ರೇಮ್ ಮಾತ್ರ ಇಳಿಸಿಕೊಳ್ಳಿ. ರೋಟೊ, ಕೀಯಿಂಗ್ ಅಭ್ಯಾಸಕ್ಕೆ ಎರಡೂವರೆ ಸೆಕೆಂಡ್ ಬೇಕಾದಷ್ಟಾಯಿತು. ಇಳಿಸಿದ ಮೇಲೆ ನ್ಯೂಕ್‌ನಲ್ಲಿ ಫೈಲು ತೆರೆಯುವ ರೀಡ್ ನೋಡ್‌ನಲ್ಲಿ ಕಲರ್‌ಸ್ಪೇಸ್ ಲೀನಿಯರ್ ಇದೆಯಾ ನೋಡಿ.